ಗಿರಿಜಮ್ಮನವರ ಒಳ್ಳೇ ಚೊಗರು

ಮೂರು ಜನ ದೊಡ್ಡ ಮನುಷ್ಯರು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಅಡಿಕೆ ಬೇಯಿಸುವ ಜಾಗಕ್ಕೆ ಬಂದಿಳಿದಾಗಲೇ ನನಗೆ ಗೊತ್ತಾಯಿತು, ಇವರಿಗೆ ಚೊಗರು ಅಂದರೆ ಏನು ಅಂತ ಗೊತ್ತಿಲ್ಲ.

ನಮ್ಮ ತರೀಕೆರೆ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗೆ ಹೇಳುತ್ತೇನೆ. ಹಸಿ ಅಡಿಕೆ ಸುಲಿದು ದೊಡ್ಡ ತಾಮ್ರದ ಹಂಡೆಯಲ್ಲಿ ಬೇಯಿಸುತ್ತಾರೆ. ಬೇಯಿಸಿದ ನೀರು ಕಡುಗೆಂಪಾಗಿ ಇಳಿಯುತ್ತದೆ. ಅದೇ ಚೊಗರು. ಒಂದು ಹನಿ ಬಟ್ಟೆಗೆ ಬಿತ್ತೋ, ಮುಗಿಯಿತು. ಟಿವಿಯಲ್ಲಿ ಸೋಪು ಮಾರುವ ಯಾವ ಹೆಂಗಸೂ ಅದನ್ನು ತೆಗೆಯಲಾರಳು. (ನನ್ನದೊಂದು ಹಳದಿ ಸೀರೆ ಇದಕ್ಕೆ ಸಾಕ್ಷಿ. ಈಗ ಅದು ನಮ್ಮನೆ ಕಿಟಕಿ ಒರೆಸುವ ಕೆಲಸದಲ್ಲಿದೆ.)

ಬಂದವರು ಒಂದು ಕಮಿಟಿಯವರು. ಅವರು ನೋಡಬೇಕಾಗಿದ್ದದ್ದು ನನ್ನ ಅಣ್ಣನ ಮಗಳು ಸಿಂಧು ಕಟ್ಟಿದ ಮಿಷನ್ನು. ನೋಡಿ ಒಪ್ಪಿದರೆ ಅದೇ ಜಾಗದಲ್ಲಿ ದೊಡ್ಡ ಟ್ಯಾಂಕ್ ಕಟ್ಟಲು ಅವಳಿಗೆ ಅನುಮತಿ, ಹಣ ಎರಡೂ ಸಿಗುತ್ತವೆ. ಒಪ್ಪದಿದ್ದರೆ? ವರ್ಷಗಟ್ಟಲೆ ಮಾಡಿದ ಕೆಲಸ ಲ್ಯಾಬಿನ ಕಪಾಟಿನೊಳಗೇ ಉಳಿಯುತ್ತದೆ. ಇನ್ನೊಂದು ಅವಕಾಶ ಇಲ್ಲ ಅಂತ ಮೊದಲೇ ಹೇಳಿ ಕಳಿಸಿದ್ದರು.

ಸಿಂಧು ಅಜ್ಜಂಪುರದ ಹುಡುಗಿ. ಅವರಪ್ಪನಿಗೆ, ಅಂದರೆ ನನ್ನ ಅಣ್ಣನಿಗೆ, ಈರುಳ್ಳಿ ವ್ಯಾಪಾರ. ಮಗಳು ಕೆಮಿಸ್ಟ್ರಿ ಓದುತ್ತೇನೆ ಅಂದಾಗ, "ಆಯ್ತು ಕಣವ್ವ, ಈರುಳ್ಳಿ ಕೊಳೀದೇ ಇರೋ ಔಷಧಿ ಕಂಡ್ಹಿಡಿ" ಅಂದಿದ್ದ. ಅವಳು ಕೊಳೆಯ ಬೆನ್ನು ಹತ್ತಿದ್ದೇನೋ ನಿಜ. ಆದರೆ ಈರುಳ್ಳಿಯದಲ್ಲ, ನೀರಿನದು.

ಅಡಿಕೆ ಬೇಯಿಸುವ ಸೀಸನ್ನಿನಲ್ಲಿ ನೀವು ನಮ್ಮ ಹಳ್ಳಗಳನ್ನು ನೋಡಿದ್ದೀರಾ? ಹಂಡೆ ತೊಳೆದ ನೀರು, ನೆಲ ತೊಳೆದ ನೀರು, ಚೆಲ್ಲಿದ ತೆಳು ಚೊಗರು ಎಲ್ಲ ಸೇರಿ ಒಂದು ಕಾಲುವೆಯಾಗಿ ಹಳ್ಳಕ್ಕೆ ಇಳಿಯುತ್ತದೆ. ಹಳ್ಳ ಟೀ ಬಣ್ಣಕ್ಕೆ ತಿರುಗಿ, ನಾಲ್ಕು ದಿನ ನಿಂತರೆ ಮೂಗು ಮುಚ್ಚಿಕೊಳ್ಳಬೇಕು. ಕೆಳಗಿನ ಊರಿನ ದನಗಳು ಬಂದು ಮೂಸಿ ನೋಡಿ, ಹಾಗೇ ತಿರುಗಿ ಹೋಗುತ್ತವೆ. ಆ ಊರಿನವರು ಈ ಊರಿನವರ ಜೊತೆ ಮಾತು ಬಿಡುತ್ತಾರೆ. ಸೀಸನ್ ಮುಗಿದ ಮೇಲೆ ಮತ್ತೆ ಮಾತಾಡುತ್ತಾರೆ. ಇದು ನಾನು ಮದುವೆಯಾಗಿ ಕಡೂರಿಗೆ ಬಂದಾಗಿನಿಂದ ನೋಡುತ್ತಿರುವ ಸಂಪ್ರದಾಯ.

ಸಿಂಧು ಹಿಡಿದದ್ದು ಆ ಬಣ್ಣದ ಜುಟ್ಟನ್ನು. ಅಡಿಕೆಯ ಒಗರಿನಲ್ಲಿರುವ ದೊಡ್ಡ ದೊಡ್ಡ ಅಣುಗಳು ನೀರಿನಲ್ಲಿ ಬೇಗ ಕೊಳೆಯುವುದಿಲ್ಲ, ಹುಳ ಹುಪ್ಪಟೆಯೂ ತಿನ್ನುವುದಿಲ್ಲ. ಅವನ್ನು ಒಡೆಯಬೇಕು. ಒಡೆಯುವುದು ಹೇಗೆ? ಶಬ್ದದಿಂದ. ನಮ್ಮ ಕಿವಿಗೆ ಕೇಳಿಸದ ಶಬ್ದದಿಂದ.

"ಕನ್ನಡಕದ ಅಂಗಡೀಲಿ ನಿಮ್ ಕನ್ನಡಕನ ಒಂದು ಡಬ್ಬೀಲಿ ಹಾಕಿ ತೊಳ್ಕೊಡ್ತಾರಲ್ಲ ಅತ್ತೆ, ಅದೇ ಅಲ್ಟ್ರಾಸೋನಿಕ್" ಅಂತ ಅವಳು ನನಗೆ ಪಾಠ ಮಾಡಿದ್ದಳು. ಆ ಶಬ್ದ ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎಬ್ಬಿಸುತ್ತದಂತೆ. ಗುಳ್ಳೆ ಒಡೆಯುವ ಜಾಗದಲ್ಲಿ ಕಣ್ಣು ಮಿಟುಕಿಸುವುದರೊಳಗೆ ಭಯಂಕರ ಬಿಸಿ. ಅಲ್ಲಿ ಸಿಕ್ಕ ಅಣು ಚೂರುಚೂರು. ಜೊತೆಗೆ ನಾಲ್ಕು ಹನಿ ಪೆರಾಕ್ಸೈಡು (ಗಾಯಕ್ಕೆ ಹಾಕಿದರೆ ನೊರೆ ಬರುತ್ತದಲ್ಲ, ಅದು), ಮತ್ತೆ ಒಂದು ಚಿಟಿಕೆ ಕಪ್ಪು ಪುಡಿ. ಕಬ್ಬಿಣದಿಂದ ಮಾಡಿದ್ದು. ಅದು ಕ್ಯಾಟಲಿಸ್ಟ್.

ಕ್ಯಾಟಲಿಸ್ಟ್ ಅಂದರೆ ಏನು ಅಂತ ಕೇಳಿದೆ. "ಅದು ಕೆಲಸ ಬೇಗ ಮಾಡ್ಸುತ್ತೆ, ತಾನು ಮಾತ್ರ ಖರ್ಚಾಗಲ್ಲ" ಅಂದಳು. ನನಗೆ ಥಟ್ಟನೆ ಅರ್ಥವಾಯಿತು. ಮನೆ ಒಡೆಯುವ ನೆಂಟರು ಇರುತ್ತಾರಲ್ಲ, ಹಾಗೆ. ಅಣ್ಣತಮ್ಮಂದಿರು ಬೇರೆಯಾಗುತ್ತಾರೆ, ಇವರು ಕಾಫಿ ಕುಡಿದು ಸೆರಗು ಕೊಡವಿಕೊಂಡು ಮುಂದಿನ ಮನೆಗೆ ಹೋಗುತ್ತಾರೆ.

ಇಷ್ಟನ್ನು ಲ್ಯಾಬಿನಲ್ಲಿ ಮಾಡಿ ತೋರಿಸಿದ್ದಾಯಿತು. ಹೊರಗೆ, ನಿಜವಾದ ಜಾಗದಲ್ಲಿ ತೋರಿಸಬೇಕಿತ್ತು. ಆ ಜಾಗ ಕೊಟ್ಟವರು ಗಿರಿಜಮ್ಮ.

ಗಿರಿಜಮ್ಮನವರದು ತರೀಕೆರೆಯಿಂದ ಅಜ್ಜಂಪುರದ ಕಡೆ ಹೋಗುವ ರಸ್ತೆಯಲ್ಲಿ ಸ್ವಲ್ಪ ಒಳಗೆ, ಅಡಿಕೆ ಸುಲಿಸಿ ಬೇಯಿಸುವ ದೊಡ್ಡ ಶೆಡ್ಡು. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದಾರೆ. ಹಣೆ ತುಂಬಾ ವಿಭೂತಿ, ಬಾಯಿ ತುಂಬಾ ಎಲೆಯಡಿಕೆ, ಮಾತು ಖಾರ, ಕೈ ದೊಡ್ಡದು. ಅವರ ಶೆಡ್ಡಿಗೆ ಹೋದವರು ಊಟ ಮಾಡದೆ ಬಂದ ದಾಖಲೆ ಇಲ್ಲ. ಅಡಿಕೆ ಸುಲಿಯುವ ಹೆಂಗಸರು ಸಿಂಧುವಿನ ಮಿಷನ್ನೂ ಅಲ್ಟ್ರಾಸೌಂಡೇ ಅಂತ ಕೇಳಿ, "ಗಿರಿಜಕ್ಕ, ನಿನ್ ಚೊಗರು ಬಸ್ರಿ ಆಗೈತಂತೆ, ಸ್ಕ್ಯಾನಿಂಗ್ ಮಾಡಾಕ್ ಬಂದವ್ರೆ" ಅಂತ ರೇಗಿಸಿದ್ದರಂತೆ. ಗಿರಿಜಮ್ಮ, "ಆಗ್ಲಿ ಬಿಡ್ರೇ, ಬಾಣಂತನ ನಾನೇ ಮಾಡ್ತೀನಿ" ಅಂದರಂತೆ. ಅಂಥವರು.

ಆವತ್ತು ಬೆಳಿಗ್ಗೆ ಸಿಂಧು ಎಲ್ಲ ಸಜ್ಜು ಮಾಡಿಟ್ಟಿದ್ದಳು. ಹಂಡೆ ತೊಳೆದ ಕೊಳೆ ನೀರನ್ನು ಒಂದು ನೀಲಿ ಡ್ರಮ್ಮಿಗೆ ತುಂಬಿಸಿದ್ದಳು. ಅಲ್ಲಿಂದ ಪೈಪಿನಲ್ಲಿ ಮಿಷನ್ನಿನ ಸ್ಟೀಲ್ ಟ್ಯಾಂಕಿಗೆ. ಅಷ್ಟರಲ್ಲಿ ಕಮಿಟಿಯವರ ಕಾರು ದಾರಿ ತಪ್ಪಿ ಯಾವುದೋ ತೋಟದೊಳಗೆ ಹೋಗಿ ನಿಂತಿದೆ ಅಂತ ಫೋನ್ ಬಂತು. ನಾನೂ ಅವಳೂ ನನ್ನ ಸ್ಕೂಟರಿನಲ್ಲಿ ಆ ತೋಟಕ್ಕೆ ಹೋಗಿ ಅವರನ್ನು ಕರೆದುಕೊಂಡು ಬಂದೆವು.

ಕಮಿಟಿಯ ಮುಖ್ಯಸ್ಥರು ಗಂಟಲಿನಿಂದ ಅಲ್ಲ, ಮೂಗಿನಿಂದ ಮಾತಾಡುವವರು. ಇನ್ನಿಬ್ಬರಲ್ಲಿ ಒಬ್ಬರು ಮೊಬೈಲ್ ನೋಡುತ್ತಿದ್ದರು, ಇನ್ನೊಬ್ಬರು ಎಳನೀರು ಸಿಗುತ್ತದಾ ಅಂತ ಸುತ್ತ ನೋಡುತ್ತಿದ್ದರು. (ಸಿಕ್ಕಿತು. ಗಿರಿಜಮ್ಮನ ಶೆಡ್ಡಿನಲ್ಲಿ ಸಿಗದೇ ಇರುತ್ತದಾ?)

ಸಿಂಧು ಬಿಳಿ ಕೋಟು ಹಾಕಿಕೊಂಡು ನಿಂತಳು. ಪಂಪು ಹಾಕಿದಳು, ಟ್ಯಾಂಕು ತುಂಬಿತು. ಪುಡಿ ಹಾಕಿದಳು, ಪೆರಾಕ್ಸೈಡ್ ಹಾಕಿದಳು, ಸ್ವಿಚ್ ಒತ್ತಿದಳು. ಕಿವಿಗೆ ಕೇಳಿಸದ ಶಬ್ದ ಅಂದಿದ್ದಳಲ್ಲ, ಸುಳ್ಳು. ದೋಸೆ ಹಂಚಿಗೆ ನೀರು ಚಿಮುಕಿಸಿದ ಹಾಗೆ ಚಿರ್ ಅಂತ ಒಂದು ಸಣ್ಣ ಸದ್ದು ಇತ್ತು.

ಸ್ವಲ್ಪ ಹೊತ್ತಿಗೆ ಗಾಜಿನ ಲೋಟದಲ್ಲಿ ನೀರು ತೆಗೆದಳು. ಇಂಕಿನ ಹಾಗೆ ಕಪ್ಪು. ಮುಖ್ಯಸ್ಥರ ಹುಬ್ಬು ಮೇಲೆ ಹೋಯಿತು.

"ಮೊದಲು ಕಪ್ಪಾಗುತ್ತೆ ಸರ್. ಕಬ್ಬಿಣ ತಾಗಿದರೆ ಚೊಗರು ಕಪ್ಪಾಗೋದು ಇಲ್ಲಿ ಎಲ್ಲರಿಗೂ ಗೊತ್ತು. ಅಡಿಕೆ ಸುಲಿಯೋ ಕತ್ತಿ ನೋಡಿ. ಆಮೇಲೆ ತಿಳಿಯಾಗುತ್ತೆ" ಅಂದಳು. ಸುಲಿಯುತ್ತಿದ್ದ ಹೆಂಗಸರು ಕತ್ತಿ ಎತ್ತಿ ತೋರಿಸಿದರು. ಸರಿ, ಕಾದೆವು.

ಮತ್ತೊಂದು ಲೋಟ. ಕಪ್ಪು. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು. ಅದೂ ಕಪ್ಪೇ. ಲ್ಯಾಬಿನಲ್ಲಿ ಇಷ್ಟು ಹೊತ್ತಿಗೆ ನೀರು ನಿಂಬೆ ಪಾನಕದ ಬಣ್ಣಕ್ಕೆ ಬಂದಿರಬೇಕಿತ್ತು. ಸಿಂಧುವಿನ ಮುಖ ನೋಡಿದೆ. ಹುಡುಗಿ ವೈರ್ ನೋಡಿದಳು, ಮೀಟರ್ ನೋಡಿದಳು, ಪುಡಿಯ ಡಬ್ಬಿ ನೋಡಿದಳು. ಎಲ್ಲ ಸರಿಯಾಗಿತ್ತು.

ಮುಖ್ಯಸ್ಥರು ವಾಚು ನೋಡಿಕೊಂಡು, "ಲ್ಯಾಬಲ್ಲಿ ಆಗೋದೆಲ್ಲ ಹಳ್ಳೀಲಿ ಆಗಲ್ಲಮ್ಮ. ಸಹಜ. ಬೇಜಾರು ಮಾಡ್ಕೋಬೇಡಿ" ಅಂದರು. ನನಗೆ ಪಿತ್ತ ನೆತ್ತಿಗೇರಿತು. ಸಹಜ ಅಂತೆ ಸಹಜ. ಹುಡುಗಿ ಮದುವೆಗೆ ಬಂದ ಗಂಡುಗಳನ್ನೆಲ್ಲ ಮುಂದಕ್ಕೆ ಹಾಕಿ, ರಜೆ ಅನ್ನುವುದನ್ನೇ ಮರೆತು ಮಾಡಿದ ಕೆಲಸ. ಇವರು ಎಳನೀರು ಕುಡಿದು ಒಂದು ಮಾತಿನಲ್ಲಿ ಮುಗಿಸಿಬಿಟ್ಟರು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅವಳ ಪರೀಕ್ಷೆಯಲ್ಲಿ ನನ್ನ ಬಾಯಿಂದ ಅವಳಿಗೆ ಅಂಕ ಕಡಿಮೆಯಾಗಬಾರದು.

ಆಗ ಸಿಂಧು ಲೋಟಕ್ಕೆ ಬೆರಳು ಅದ್ದಿದಳು. ಹೆಬ್ಬೆರಳಿಗೆ ಉಜ್ಜಿದಳು. ಬೆರಳು ಅಂಟಿತು. ಮೆಲ್ಲಗೆ ತಿರುಗಿ ಕೇಳಿದಳು: "ಗಿರಿಜಮ್ಮ, ಡ್ರಮ್ಮಲ್ಲಿದ್ದ ನೀರು ಯಾರಾದ್ರೂ ಮುಟ್ಟಿದ್ರಾ?"

ಗಿರಿಜಮ್ಮನ ಮುಖದಲ್ಲಿ ಏನು ಸಂತೋಷ ಅಂತೀರಿ. ಇದನ್ನು ಯಾವಾಗ ಕೇಳುತ್ತಾರೋ ಅಂತಲೇ ಕಾಯುತ್ತಿದ್ದರು ಅನ್ನಿಸುತ್ತದೆ.

"ಅದನ್ನ ಆಗ್ಲೇ ಚೆಲ್ಲಿಸ್ಬುಟ್ಟೆ ಕಣವ್ವ. ಇಷ್ಟು ದೊಡ್ಡೋರು ಬತ್ತಾವ್ರೆ, ಅವರ ಮುಂದೆ ಹಂಡೆ ತೊಳ್ದಿದ್ ನೀರ್ ಇಡಾಕಾಯ್ತದಾ? ನನ್ ಮರ್ಯಾದೆ ಏನಾಗ್ಬೇಕು. ಹೋದ್ ವರ್ಷದ ಒಳ್ಳೇ ಚೊಗರು ಇಟ್ಟಿದ್ದೆ, ಅದ್ನೇ ತುಂಬ್ಸಿದೀನಿ. ಇಂಥಾ ಚೊಗರು ಈ ಸೀಮೇಲೆ ಇನ್ನೊಬ್ಬರ ಹತ್ರ ಇಲ್ಲ."

ಇಲ್ಲಿ ನಾನು ಮತ್ತೆ ಸ್ವಲ್ಪ ವಿವರಿಸಬೇಕು. ಚೊಗರಿನಲ್ಲಿ ಒಳ್ಳೆಯದು, ಕೆಟ್ಟದ್ದು ಇದೆ. ಹಂಡೆ ಹಂಡೆ ಅಡಿಕೆ ಬೇಯಿಸಿ ಬೇಯಿಸಿ ಗಟ್ಟಿಯಾದ ಚೊಗರನ್ನು ಯಾರೂ ಚೆಲ್ಲುವುದಿಲ್ಲ. ಬೆಲ್ಲದ ಪಾಕದ ಹಾಗಿರುವ ಅದನ್ನು ಜೋಪಾನವಾಗಿ ಎತ್ತಿಡುತ್ತಾರೆ. ಮುಂದಿನ ವರ್ಷದ ಮೊದಲ ಹಂಡೆಗೆ ಅದನ್ನು ಹಾಕಿದರೇ ಅಡಿಕೆಗೆ ಬಣ್ಣ, ಬಣ್ಣ ಬಂದರೇ ಮಾರ್ಕೆಟ್. ಮೊಸರಿಗೆ ಹೆಪ್ಪು ಕೇಳಿಕೊಂಡು ಬರುವಂತೆ ಅಕ್ಕಪಕ್ಕದವರು ಪಾತ್ರೆ ಹಿಡಿದು ಗಿರಿಜಮ್ಮನ ಮನೆಗೆ ಬರುತ್ತಾರೆ. ಅಂಥ ವಸ್ತುವನ್ನು ಆ ತಾಯಿ ಡ್ರಮ್ ತುಂಬಾ ಸುರಿದಿದ್ದರು. ಕೊಳೆ ತೆಗೆಯುವ ಮಿಷನ್ನಿಗೆ. ಅತಿಥಿ ಸತ್ಕಾರ.

ಕಮಿಟಿಯವರಿಗೆ ವಿಷಯ ಅರ್ಥವಾದಾಗ ಎಳನೀರಿನವರು ನಕ್ಕರು. ಮೊಬೈಲಿನವರು ತಲೆ ಎತ್ತಿದರು. ಮುಖ್ಯಸ್ಥರು, "ಓ, ಹಾಗಾದ್ರೆ ಇವರ ತಪ್ಪು. ನಿಮ್ಮದಲ್ಲ. ಇದನ್ನ ಬಿಟ್ಟುಬಿಡಿ, ಲೆಕ್ಕಕ್ಕೆ ಬೇಡ. ಬೇರೆ ನೀರು ಹಾಕಿ ಮಾಡಿ" ಅಂದರು.

ಗಿರಿಜಮ್ಮನ ಸಂತೋಷ ಅಲ್ಲಿಗೆ ನಿಂತಿತು. ಸೆರಗಿನ ತುದಿ ಬಾಯಿಗೆ ಹೋಯಿತು. "ನಾನೇನಾರ ಎಡವಟ್ಟು ಮಾಡ್ಬುಟ್ನಾ ಮಗಾ?" ಅಂದರು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನಾಗಿದ್ದರೆ ಹೌದು ಅನ್ನುತ್ತಿದ್ದೆ. ಜೋರಾಗಿಯೇ ಅನ್ನುತ್ತಿದ್ದೆ. ತಪ್ಪಿಸಿಕೊಳ್ಳಲು ಬಾಗಿಲು ತೆರೆದಿತ್ತು, ತೆರೆದವರು ಮುಖ್ಯಸ್ಥರೇ.

ಸಿಂಧು ಗಿರಿಜಮ್ಮನ ಕೈ ಹಿಡಿದುಕೊಂಡಳು. "ನೀವೇನೂ ಮಾಡಿಲ್ಲ ಗಿರಿಜಮ್ಮ. ಇಂಥಾ ಆಸ್ತೀನ ನನ್ನ ಮಿಷನ್ನಿಗೆ ಹಾಕಿದ್ರಲ್ಲ, ಅದಕ್ಕೆ ಹೊಟ್ಟೆ ಉರೀತಿದೆ ಅಷ್ಟೇ" ಅಂದಳು. ಆಮೇಲೆ ಮುಖ್ಯಸ್ಥರ ಕಡೆ ತಿರುಗಿ ಹೇಳಿದಳು: "ತಪ್ಪು ನನ್ನದು ಸರ್. ಒಳಗೆ ಏನಿದೆ ಅಂತ ನೋಡದೆ ಪಂಪ್ ಹಾಕಿದ್ದು ನಾನು. ಇದು ಲೆಕ್ಕಕ್ಕೆ ಇರಲಿ. ನಾನು ಇದನ್ನ ನಿಲ್ಲಿಸಲ್ಲ, ನಡೀಲಿ. ಪಕ್ಕದಲ್ಲಿ ಇನ್ನೊಂದು ಟ್ಯಾಂಕಲ್ಲಿ ತೊಳೆದ ನೀರು ಹಾಕ್ತೀನಿ. ಎರಡನ್ನೂ ನೋಡಿ."

ಅದೇ ಶಬ್ದ ಎಬ್ಬಿಸುವ ಇನ್ನೊಂದು ಚಿಕ್ಕ ಟ್ಯಾಂಕು, ಮಿಷನ್ ತಂದಿದ್ದ ಗಾಡಿಯಲ್ಲಿತ್ತು. ಹೊಸ ಕೊಳೆ ನೀರಿಗೆ ಬರವೇ? ಆಗ ತಾನೆ ಒಂದು ಹಂಡೆ ಇಳಿಸಿದ್ದರು. ಗಿರಿಜಮ್ಮ ತಾವೇ ಸೀರೆ ಎತ್ತಿಕಟ್ಟಿ ಹಂಡೆ ತಿಕ್ಕಲು ಕೂತರು. "ಚೆನ್ನಾಗ್ ಕೊಳೆ ಬರೋ ಹಂಗೆ ತೊಳೀರೇ, ಜಿಪುಣತನ ಮಾಡ್ಬೇಡ್ರಿ" ಅಂತ ಹೆಂಗಸರಿಗೆ ಆರ್ಡರ್ ಬೇರೆ. ಆವತ್ತು ಅವರ ಶೆಡ್ಡಿನಲ್ಲಿ ಮೊದಲ ಸಲ ಕೊಳೆಗೂ ಉಪಚಾರ ನಡೆಯಿತು.

ಮತ್ತೆ ಪುಡಿ, ಪೆರಾಕ್ಸೈಡು, ಮತ್ತೆ ಚಿರ್ ಸದ್ದು. ಲೋಟಕ್ಕೆ ಮೊದಲು ಬಂದದ್ದು ಕಪ್ಪು. ಆಮೇಲೆ ಬೂದು. ಆಮೇಲೆ ತೆಳು ಟೀ. ಹೆಂಗಸರು ಒಬ್ಬೊಬ್ಬರಾಗಿ ಕತ್ತಿ ಕೆಳಗಿಟ್ಟು ಎದ್ದು ಬಂದರು. ಮೊಬೈಲಿನವರು ಮೊಬೈಲ್ ಜೇಬಿಗೆ ಹಾಕಿದರು. ನಿಂಬೆ ಪಾನಕ ಬಂತು. ಅದಾದ ಮೇಲೆ ಬಂದ ಲೋಟದ ಆಚೆ ಬದಿಯಲ್ಲಿ ಗಿರಿಜಮ್ಮನ ವಿಭೂತಿ ಕಾಣಿಸಿತು.

ಸಿಂಧು ಹಳೇ ಲೌಡ್‌ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತವನ್ನು ಟ್ಯಾಂಕಿನ ಪಕ್ಕಕ್ಕೆ ಹಿಡಿದಳು. ಕಪ್ಪು ಪುಡಿಯೆಲ್ಲ ಓಡಿ ಬಂದು ಗೋಡೆಗೆ ಅಂಟಿಕೊಂಡಿತು. ತೊಳೆದು ಮತ್ತೆ ಬಳಸಬಹುದಂತೆ. ನಡುವೆ ಉಳಿದದ್ದು ಬರೀ ನೀರು.

ಆಗ ನನ್ನ ಅಣ್ಣನ ಮಗಳು ಮಾಡಿದ ಕೆಲಸ ಕೇಳಿ. ತನ್ನ ಬಿಳಿ ಕೋಟಿನ ತೋಳನ್ನು ಮೊಣಕೈವರೆಗೆ ಆ ನೀರಿಗೆ ಅದ್ದಿಬಿಟ್ಟಳು.

ಹೆಂಗಸರು "ಅಯ್ಯೋ ಶಿವನೇ" ಅಂದರು. ಕಮಿಟಿಯವರಿಗೆ ಯಾಕೆ ಅಂತ ತಿಳಿಯಲಿಲ್ಲ. ಜೀವಮಾನವಿಡೀ ಬೆರಳ ತುದಿ ಕಪ್ಪು ಮಾಡಿಕೊಂಡವರಿಗೆ, ಮಗಳ ಮದುವೆಗೆ ಕೂಡ ಆ ಕಪ್ಪು ಬೆರಳಲ್ಲೇ ಆರತಿ ಎತ್ತಿದವರಿಗೆ ಮಾತ್ರ ತಿಳಿಯುತ್ತದೆ. ತೋಳು ಮೇಲೆ ಬಂತು. ಒದ್ದೆ. ಬಿಳಿ. ಒಬ್ಬಾಕೆ ಮುಂದೆ ಬಂದು ಅದನ್ನು ಹಿಂಡಿ, ಬಿಸಿಲಿಗೆ ಹಿಡಿದು, ತಿರುಗಿಸಿ ನೋಡಿ, "ಏನೂ ಇಲ್ಲ ಕಣ್ರೇ" ಅಂದಳು.

ನನ್ನ ಕಣ್ಣಲ್ಲಿ ನೀರು ಬಂತು. ಬಂತು ಅಂತ ಬರೆಯಲು ನನಗೇನೂ ನಾಚಿಕೆಯಿಲ್ಲ. ಇದೇ ಹುಡುಗಿ ಚಿಕ್ಕವಳಿದ್ದಾಗ ನಮ್ಮನೆಯಲ್ಲಿ ಉಜಾಲ ಬಾಟಲಿ ಪೂರ್ತಿ ಬಕೆಟ್ಟಿಗೆ ಸುರಿದು ನನ್ನ ಕೈಯಲ್ಲಿ ಏಟು ತಿಂದಿದ್ದಳು.

ಮುಖ್ಯಸ್ಥರು ಕೈ ಕುಲುಕಲು ಬಂದರು. ಆದರೆ ಅವಳು ಇನ್ನೂ ಮುಗಿಸಿರಲಿಲ್ಲ. "ಸರ್, ಬಣ್ಣ ಹೋಯ್ತು ಅಂದ ಮಾತ್ರಕ್ಕೆ ಕೊಳೆ ಪೂರ್ತಿ ಹೋಯ್ತು ಅಂತಲ್ಲ. ದೊಡ್ಡ ಅಣು ಒಡೆದು ಚಿಕ್ಕದಾಗಿರುತ್ತೆ, ಅವು ಕಣ್ಣಿಗೆ ಕಾಣಲ್ಲ. ಎಷ್ಟು ಉಳಿದಿದೆ ಅಂತ ಲ್ಯಾಬಲ್ಲಿ ಟೆಸ್ಟ್ ಮಾಡಿಸಿ ಕಳಿಸ್ತೀನಿ. ಅಲ್ಲೀವರೆಗೆ ಇದನ್ನ ದನಕ್ಕೆ ಕುಡಿಸಬೇಡಿ ಅಂತ ಇವರಿಗೂ ಹೇಳಿದೀನಿ" ಅಂದಳು. ಆಮೇಲೆ ಮೊದಲ ಟ್ಯಾಂಕಿನಿಂದ, ಗಿರಿಜಮ್ಮನ ಒಳ್ಳೇ ಚೊಗರಿನಿಂದ ಒಂದು ಲೋಟ ತೆಗೆದು ಮೇಜಿನ ಮೇಲಿಟ್ಟಳು. ಅದು ಇಂಕಿನಿಂದ ಡಿಕಾಕ್ಷನ್‌ಗೆ ಬಂದಿತ್ತು, ಅಷ್ಟೇ. "ಇದು ನನ್ನ ಮಿಷನ್ನಿಗೆ ಆಗಲಿಲ್ಲ ಸರ್. ಇಷ್ಟು ಗಟ್ಟಿ ಇದ್ರೆ ಆಗಲ್ಲ."

"ಅದನ್ನ ರಿಪೋರ್ಟಲ್ಲಿ ಹಾಕ್ಬೇಕಾ?" ಅಂದರು ಮುಖ್ಯಸ್ಥರು. ಈ ಸಲ ಮೂಗಿನಿಂದ ಅಲ್ಲ, ಮನುಷ್ಯರ ಹಾಗೆ ಕೇಳಿದರು. "ಯಾರೂ ಅದನ್ನ ಮಿಷನ್ನಿಗೆ ಹಾಕಲ್ಲವಲ್ಲ."

"ಇವತ್ತು ಹಾಕಿದ್ರಲ್ಲ ಸರ್" ಅಂದಳು ಸಿಂಧು. "ದೊಡ್ಡ ಟ್ಯಾಂಕ್ ಕಟ್ಟಿದ ಮೇಲೆ ಅದನ್ನ ನೋಡೋಕೆ ನಿಮಗಿಂತ ದೊಡ್ಡೋರು ಬರ್ತಾರೆ. ಆಗಲೂ ಒಳ್ಳೇದನ್ನೇ ತಂದು ಸುರೀತಾರೆ. ನಮ್ಮ ಜನ ಹಾಗೇ. ನನ್ನ ಟ್ಯಾಂಕಿಗೆ ಅದು ಮೊದಲೇ ಗೊತ್ತಿರಬೇಕು."

ಮುಖ್ಯಸ್ಥರು ಎರಡೂ ಲೋಟಗಳನ್ನು ಪಕ್ಕಪಕ್ಕ ಇಟ್ಟು ತಾವೇ ಫೋಟೋ ತೆಗೆದುಕೊಂಡರು. ಊಟಕ್ಕೆ ಕೂತರು. (ಮುದ್ದೆ, ಬಸ್ಸಾರು, ಹುರುಳಿಕಾಳಿನ ಪಲ್ಯ. ಬಿಳಿ ಶರಟಿಗೆ ಕಲೆಯಾದದ್ದು ಬಸ್ಸಾರಿನಿಂದ. ಚೊಗರಿನ ತಪ್ಪಿಲ್ಲ.) ಹೊರಡುವಾಗ ನನ್ನನ್ನು ನೋಡಿ, "ನೀವು ಇವರ ಡಿಪಾರ್ಟ್‌ಮೆಂಟಾ?" ಅಂದರು. "ಅಲ್ಲ, ಅವಳ ಸೋದರತ್ತೆ" ಅಂದೆ. ಇದಕ್ಕಿಂತ ದೊಡ್ಡ ಡಿಗ್ರಿ ನನಗೆ ಯಾವ ವಿಶ್ವವಿದ್ಯಾಲಯವೂ ಕೊಟ್ಟಿಲ್ಲ.

ಲ್ಯಾಬಿನ ಟೆಸ್ಟ್ ಬಂತು. ಸ್ವಲ್ಪ ಕೊಳೆ ಉಳಿದಿತ್ತು, ಬಹುಪಾಲು ಹೋಗಿತ್ತು. ಇನ್ನಷ್ಟು ಹೊತ್ತು ಓಡಿಸಬೇಕು ಅಂತ ಸಿಂಧು ತಾನೇ ಬರೆದು ಕಳಿಸಿದಳು. ಕಳೆದ ವಾರ ಅನುಮತಿ ಬಂದಿದೆ, ದೊಡ್ಡ ಟ್ಯಾಂಕಿಗೆ ಗಿರಿಜಮ್ಮನ ಶೆಡ್ಡಿನ ಹಿಂದೆ ಪಾಯ ತೋಡುತ್ತಿದ್ದಾರೆ. ಕಮಿಟಿಯವರು ಕಳಿಸಿದ ಮಾತು ಒಂದೇ ಸಾಲು, ಅದನ್ನು ಅಣ್ಣ ಅಜ್ಜಂಪುರದ ಈರುಳ್ಳಿ ಮಂಡಿಯ ಅರ್ಧ ಜನಕ್ಕೆ ಹೇಳಿಕೊಂಡು ಬಂದಿದ್ದಾನೆ: ಆಗದೇ ಹೋದದ್ದನ್ನು ತೋರಿಸಿದ್ದರಿಂದ ಆದದ್ದನ್ನು ನಂಬಿದೆವು.

ನಾನು ಕಡೂರಿನಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದೇನೆ. ಗಿರಿಜಮ್ಮ ಮಾಡಿದ್ದು ಅವರೊಬ್ಬರೇ ಮಾಡಿದ್ದಾ? ಇನ್‌ಸ್ಪೆಕ್ಟರು ಬರುತ್ತಾರೆ ಅಂದರೆ ಶಾಲೆಯಲ್ಲಿ ಜಾಣ ಮಕ್ಕಳನ್ನು ಮುಂದಿನ ಬೆಂಚಿಗೆ ಕೂರಿಸುತ್ತೇವೆ. ಮಂತ್ರಿ ಬರುತ್ತಾರೆ ಅಂದರೆ ಅವರು ಬರುವ ರಸ್ತೆಗೆ ಮಾತ್ರ ಟಾರು. ಡಾಕ್ಟರ ಹತ್ತಿರ ಹೋಗುವ ಹಿಂದಿನ ದಿನ ಸಕ್ಕರೆ ಬಿಡುತ್ತೇವೆ, ಶುಗರ್ ಕಡಿಮೆ ಬಂದರೆ ಹಿಗ್ಗುತ್ತೇವೆ. ಪ್ರೀತಿಯಿಂದಲೇ ಮಾಡುತ್ತೇವೆ, ಮರ್ಯಾದೆಗಾಗಿಯೇ ಮಾಡುತ್ತೇವೆ. ನೋಡಲು ಬಂದವರು ಒಳ್ಳೆಯದನ್ನು ನೋಡಿ, ಚೆನ್ನಾಗಿದೆ ಅಂದು ಹೋಗುತ್ತಾರೆ. ಹಳ್ಳ ಹಾಗೇ ಹರಿಯುತ್ತಿರುತ್ತದೆ.

ನಮ್ಮ ಹುಡುಗಿ ಕೊಳೆ ನೀರನ್ನೂ ಸೋತ ಲೋಟವನ್ನೂ ದೊಡ್ಡವರ ಮುಂದಿಟ್ಟು ಗೆದ್ದಳು. ಇಷ್ಟು ವರ್ಷ ಅವರ ಮುಂದೆ ಒಳ್ಳೆಯದನ್ನೇ ಇಟ್ಟ ನಾವು ಗೆದ್ದದ್ದೇನು?